ಶೋಲೆ ಬಂಡೆ, ತಮ್ಮನ ಹಠ: ರಾಮನಗರದಲ್ಲಿ ಎರಡು ದಿನ

ಶನಿವಾರ, ಭಾನುವಾರ ಎರಡು ದಿನ ರಜೆ. ಜೇಬಿನಲ್ಲಿ ಮೂರು ಸಾವಿರ ರೂಪಾಯಿ. ಬೆಂಗಳೂರಿನಿಂದ ಐವತ್ತು ಕಿಲೋಮೀಟರ್ ಆಚೆ ‘ಶೋಲೆ’ ಚಿತ್ರದ ಬಂಡೆಗಳು! ಹೇಳಿ ಗೆಳೆಯರೇ, ಚಿತ್ರರಸಿಕನಾದವನಿಗೆ ಇನ್ನೇನು ಬೇಕು?

ಆಫೀಸಿನಲ್ಲಿ ಎಲ್ಲರಿಗೂ ಹೀಗೇ ಹೇಳಿದೆ. ಅದು ಅರ್ಧ ಸುಳ್ಳು. ನಾನು ರಾಮನಗರಕ್ಕೆ ಹೊರಟದ್ದು ಬಂಡೆ ನೋಡುವುದಕ್ಕಲ್ಲ, ಬಂಡೆಯಂಥ ಒಬ್ಬ ಮನುಷ್ಯನನ್ನು ನೋಡುವುದಕ್ಕೆ. ಅವನು ನನ್ನ ಒಡಹುಟ್ಟಿದ ತಮ್ಮ. ಅಲ್ಲಿನ ಒಂದು ಕಾಲೇಜಿನಲ್ಲಿ ಎಂಜಿನಿಯರಿಂಗ್ ಮೂರನೆಯ ವರ್ಷ. (ಕಾಲೇಜಿನ ಹೆಸರು ಬೇಡ, ಅವರದೇನೂ ತಪ್ಪಿಲ್ಲ.) ಮಂಗಳವಾರ ರಾತ್ರಿ ಹನ್ನೊಂದಕ್ಕೆ ಅವನಿಂದ ಮೊಬೈಲಿಗೆ ಮೂರು ಸಾಲು ಬಂದಿತ್ತು: ‘ಅಣ್ಣಾ, ನಾನು ಕಾಲೇಜು ಬಿಡ್ತಾ ಇದೀನಿ. ಸಿನಿಮಾ ಲೈನಿಗೆ ಹೋಗ್ತೀನಿ. ಅಪ್ಪನಿಗೆ ನೀನೇ ಹೇಳು.’

ನಮ್ಮಪ್ಪ ಅರಸೀಕೆರೆ ಕಡೆಯವರು. ಇರುವುದು ಎರಡು ಎಕರೆ ತೆಂಗಿನ ತೋಟ. ಅದನ್ನು ಬ್ಯಾಂಕಿಗೆ ಇಟ್ಟು ಇವನ ಫೀಸು ಕಟ್ಟಿದ್ದಾರೆ. ‘ನೀನೇ ಹೇಳು’ ಅಂತೆ! ಹೇಳುವುದು ಅಷ್ಟು ಸುಲಭವಾಗಿದ್ದರೆ ಇವನೇ ಹೇಳುತ್ತಿರಲಿಲ್ಲವೇ?

ನಾನು ಉತ್ತರ ಬರೆದೆ: ‘ಶನಿವಾರ ಬರ್ತೀನಿ. ಶೋಲೆ ಬಂಡೆ ತೋರಿಸು.’ ಬೈಗುಳ ನಿರೀಕ್ಷಿಸಿದ್ದವನಿಗೆ ಗಾಬರಿಯಾಗಿರಬೇಕು. ಬೆಳಗಿನ ತನಕ ಉತ್ತರವಿಲ್ಲ.

ನಾಲ್ಕು ಊರು, ಎರಡು ದಿನ

ಪ್ರವಾಸ ಅಂದರೆ ನನಗೆ ಮೊದಲು ಕಾಗದ, ಪೆನ್ನು. ಬುಧವಾರ ರಾತ್ರಿ ಕೂತು ಪ್ಲಾನು ಬರೆದೆ. ಶನಿವಾರ ಬೆಳಿಗ್ಗೆ ಬಿಡದಿಯಲ್ಲಿ ತಟ್ಟೆ ಇಡ್ಲಿ, ಹತ್ತಕ್ಕೆ ರಾಮನಗರ, ಮಧ್ಯಾಹ್ನ ಕನಕಪುರ, ಸಂಜೆ ಸಂಗಮ, ಮೇಕೆದಾಟು. ಭಾನುವಾರ ಮಾಗಡಿ, ಸಾವನದುರ್ಗ, ಮಧ್ಯಾಹ್ನ ಚನ್ನಪಟ್ಟಣ, ಸಂಜೆ ಮದ್ದೂರು ವಡೆ, ರಾತ್ರಿ ಬೆಂಗಳೂರು. ನೋಡುವುದಕ್ಕೆ ಬಹಳ ಸೊಗಸಾಗಿತ್ತು. ನಮ್ಮ ಪಕ್ಕದ ಮನೆಯ ಮೇಷ್ಟ್ರು ಕನಕಪುರದವರು. ಅವರು ಕಾಗದ ನೋಡಿ ಕೇಳಿದರು: “ಹೆಲಿಕಾಪ್ಟರ್ ಮಾಡಿಸಿದೀಯೇನಪ್ಪಾ?”

ಅವರು ಹೇಳಿದ್ದು ನಿಜ. ಕನಕಪುರದಿಂದ ಸಂಗಮಕ್ಕೇ ಮೂವತ್ತೈದು ಕಿಲೋಮೀಟರಿಗೂ ಹೆಚ್ಚು. ಅಲ್ಲಿ ಅರ್ಕಾವತಿ ಹೋಗಿ ಕಾವೇರಿಗೆ ಸೇರುತ್ತಾಳೆ. ಅಲ್ಲಿಂದ ಮೇಕೆದಾಟು ಇನ್ನೂ ನಾಲ್ಕೈದು ಕಿಲೋಮೀಟರ್. ಅದಕ್ಕೇ ಒಂದು ಇಡೀ ದಿನ ಬೇಕು. ಮೇಷ್ಟ್ರು ತಮ್ಮ ಊರಿನ ಮಾತು ಬಂದರೆ ಬಿಡುವವರಲ್ಲ. ಮೊದಲು ಅದು ಕಾನಕಾನಹಳ್ಳಿ ಆಗಿದ್ದದ್ದು, ‘ಕನಕಪುರದ ಗಾಂಧಿ’ ಎಸ್. ಕರಿಯಪ್ಪನವರು ಹಳ್ಳಿ ಮಕ್ಕಳಿಗಾಗಿ ಗ್ರಾಮಾಂತರ ವಿದ್ಯಾಸಂಸ್ಥೆ ಕಟ್ಟಿದ್ದು, ರೂರಲ್ ಕಾಲೇಜಿನಲ್ಲಿ ಓದಿದವನು ತಾನು ಎಂದು ಹೇಳಿಕೊಳ್ಳುವಾಗ ಅವರ ಎದೆ ಎರಡಿಂಚು ಉಬ್ಬಿದ್ದು, ಎಲ್ಲ ಕೇಳಿದೆ. ಕೊನೆಗೆ ಕನಕಪುರವನ್ನು ಮುಂದಿನ ಸಲಕ್ಕೆ ಇಟ್ಟುಕೊಂಡೆ. ನೀವೂ ಹಾಗೇ ಮಾಡಿ. ರಾಮನಗರದಲ್ಲಿ ಠಿಕಾಣಿ ಹೂಡಿ, ಒಂದು ದಿನ ಅಲ್ಲೇ ಸುತ್ತಿ, ಇನ್ನೊಂದು ದಿನ ಮಾಗಡಿ ಕಡೆಗೋ ಕನಕಪುರದ ಕಡೆಗೋ ಯಾವುದಾದರೂ ಒಂದು ದಿಕ್ಕಿಗೆ ಹೋಗಿ.

ಇನ್ನೊಂದು ಮಾತು. ಹೊಸ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್ ರಸ್ತೆ 2023ರ ಮಾರ್ಚಿಯಲ್ಲಿ ಉದ್ಘಾಟನೆಯಾಯಿತು. ಅದು ಬಿಡದಿ, ರಾಮನಗರ, ಚನ್ನಪಟ್ಟಣ ಯಾವ ಊರಿನ ಒಳಕ್ಕೂ ಬರುವುದಿಲ್ಲ, ಹೊರಗಿನಿಂದಲೇ ಜಾರಿಕೊಳ್ಳುತ್ತದೆ. ನಾನು ಅವಸರದಲ್ಲಿ ವಿಚಾರಿಸದೆ ಮೈಸೂರು ಬಸ್ಸು ಹತ್ತಿದೆ. ರಾಮನಗರ ಎಂದು ಟಿಕೆಟ್ ಕೇಳಿದಾಗ ಕಂಡಕ್ಟರು ನನ್ನನ್ನು ನೋಡಿದ ರೀತಿ ನೋಡಬೇಕಿತ್ತು! ಬೈಪಾಸಿನ ಬಾಯಲ್ಲಿ ಇಳಿಸಿದ. ಅಲ್ಲಿಂದ ಬಿಸಿಲಲ್ಲಿ ನಡೆದೆ, ಆಮೇಲೆ ಆಟೋ. ತಟ್ಟೆ ಇಡ್ಲಿಯೂ ತಪ್ಪಿತು. ಹಳೇ ರಸ್ತೆಯಲ್ಲಿ ಹೋಗುವ ಬಸ್ಸು ಕೇಳಿ ಹತ್ತಿ. ಅದಕ್ಕಿಂತ ರೈಲು ಮೇಲು: ಕೆಂಗೇರಿ, ಬಿಡದಿ, ರಾಮನಗರ, ಚನ್ನಪಟ್ಟಣ ಎಲ್ಲಾ ಒಂದೇ ದಾರಿ. ಬೈಕಿನ ಗೆಳೆಯರೇ, 2023ರ ಆಗಸ್ಟಿನಿಂದ ಎಕ್ಸ್‌ಪ್ರೆಸ್ ರಸ್ತೆಯ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನಕ್ಕೆ ಪ್ರವೇಶವಿಲ್ಲ. ಸರ್ವೀಸ್ ರಸ್ತೆ ಹಿಡಿಯಿರಿ. ಚಹಾ ಅಂಗಡಿ, ಎಳನೀರು ಎಲ್ಲಾ ಇರುವುದೂ ಅಲ್ಲೇ.

ರೇಷ್ಮೆ ಗೂಡಿನ ಊರು

ತಮ್ಮ ಬಸ್ ಸ್ಟಾಂಡಿನಲ್ಲಿ ನಿಂತಿದ್ದ. ಗಡ್ಡ ಬಿಟ್ಟಿದ್ದಾನೆ. ಸೊರಗಿದ್ದಾನೆ. ಹಣೆಯ ಮೇಲೆ ಅಮ್ಮನ ಹಾಗೇ ಒಂದು ಗೆರೆ. ಬೈಯಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಡೈಲಾಗು ಗಂಟಲಲ್ಲೇ ಉಳಿಯಿತು.

“ತಿಂಡಿ ತಿಂದ್ಯಾ?” ಅಂದೆ.

“ಇಲ್ಲ. ನೀನು ಬರ್ತೀಯ ಅಂತ ಕಾದೆ.”

ಅವನ ಹಾಸ್ಟೆಲಿನ ಗೆಳೆಯರಿಗೆಲ್ಲ ಪರಿಚಯವಿದ್ದ ಒಂದು ಚಿಕ್ಕ ಹೋಟೆಲು. ಮಾಲೀಕರು ಅವನನ್ನು ‘ಕ್ಯಾಮರಾ’ ಎಂದು ಕರೆದರು. ಎರಡು ಮಸಾಲೆ ದೋಸೆ ಮುಗಿಯುವ ತನಕ ನಾವಿಬ್ಬರೂ ಬೇರೇನೂ ಮಾತಾಡಲಿಲ್ಲ. ಕಾಲೇಜು ಊರಿನ ಹೋಟೆಲಿಗೆ ಒಂದು ಗುಣವಿದೆ, ನೋಡಿ. ತಿಂದ ಮೇಲೂ ಎಬ್ಬಿಸುವುದಿಲ್ಲ. ಒಂದೇ ಕಾಫಿ ಮುಂದಿಟ್ಟುಕೊಂಡು ನಾಲ್ಕು ಹುಡುಗರು ಒಂದು ಇಡೀ ಕ್ರಿಕೆಟ್ ಪಂದ್ಯ ಮುಗಿಸುತ್ತಾರೆ.

ರಾಮನಗರದ ಬಗ್ಗೆ ನಮಗೆ ಶೋಲೆ ಬಿಟ್ಟರೆ ಏನೂ ಗೊತ್ತಿಲ್ಲ, ಅಲ್ವೇ? ಟಿಪ್ಪುವಿನ ಕಾಲದಲ್ಲಿ ಇದು ಶಂಷೇರಾಬಾದ್. ಆಮೇಲೆ ಬ್ರಿಟಿಷ್ ರೆಸಿಡೆಂಟ್ ಬ್ಯಾರಿ ಕ್ಲೋಸ್ ಹೆಸರಿನಲ್ಲಿ ಕ್ಲೋಸ್‌ಪೇಟೆ. ಊರು ಆ ಹೆಸರು ಕಳಚಿಕೊಂಡರೂ ಬಂಡೆ ಕಳಚಿಕೊಳ್ಳಲಿಲ್ಲ. ಭೂವಿಜ್ಞಾನಿಗಳು ಇಂದಿಗೂ ಈ ಕಲ್ಲಿಗೆ ‘ಕ್ಲೋಸ್‌ಪೇಟ್ ಗ್ರಾನೈಟ್’ ಎಂದೇ ಹೇಳುತ್ತಾರೆ. ವಯಸ್ಸು ಸುಮಾರು 250 ಕೋಟಿ ವರ್ಷ. ಗಬ್ಬರ್ ಸಿಂಗ್ ಅದರ ಮೇಲೆ ಬೂಟು ಎಳೆದುಕೊಂಡು ನಡೆದಾಗ ಅದಕ್ಕೆ ಏನೂ ಅನ್ನಿಸಿರಲಿಕ್ಕಿಲ್ಲ!

2007ರಲ್ಲಿ ಜಿಲ್ಲೆಯಾಯಿತು. 2025ರಲ್ಲಿ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಡಲು ಸರ್ಕಾರ ತೀರ್ಮಾನಿಸಿತು. ಊರಿನವರು ಊರನ್ನು ರಾಮನಗರ ಅಂತಲೇ ಅನ್ನುತ್ತಾರೆ, ನಾನೂ ಹಾಗೇ ಬರೆಯುತ್ತೇನೆ.

ತಮ್ಮ ನನ್ನನ್ನು ಮೊದಲು ಕರೆದುಕೊಂಡು ಹೋದದ್ದು ಬೆಟ್ಟಕ್ಕಲ್ಲ, ರೇಷ್ಮೆ ಗೂಡಿನ ಮಾರುಕಟ್ಟೆಗೆ. ಏಷ್ಯಾದಲ್ಲೇ ದೊಡ್ಡದು ಎಂದು ಹೆಸರು ಪಡೆದ ಮಾರುಕಟ್ಟೆ ಇದು. ಒಳಗೆ ಕಾಲಿಟ್ಟ ಕೂಡಲೇ ಒಂದು ಘಾಟು ವಾಸನೆ ಮೂಗಿಗೆ ಹೊಡೆಯುತ್ತದೆ. ರಾತ್ರಿಯೆಲ್ಲಾ ಪ್ರಯಾಣ ಮಾಡಿ ಬಂದ ರೈತರು ಗೂಡು ಸುರುವಿಕೊಂಡು ಪಕ್ಕದಲ್ಲಿ ಕೂತಿರುತ್ತಾರೆ. ಹಳದಿ ಗೂಡು, ಬಿಳಿ ಗೂಡು. ರೀಲರ್‌ಗಳು ಬಂದು ಒಂದು ಹಿಡಿ ಎತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ, ಮೊಬೈಲಿನಲ್ಲಿ ಬೆಲೆ ಕೂಗುತ್ತಾರೆ. ಹರಾಜು ಈಗ ಯಂತ್ರದ ಮೂಲಕ. ಒಬ್ಬ ವಯಸ್ಸಾದ ರೈತರು ಗೋಡೆಯ ಮೇಲಿನ ಅಂಕಿಯನ್ನು ನೋಡುತ್ತಾ ತುಟಿ ಅಲ್ಲಾಡಿಸುತ್ತಿದ್ದರು. ಅಂಕಿ ನಿಂತಿತು. ಅವರು ಹೆಗಲ ಮೇಲಿನ ಟವೆಲ್ಲು ತೆಗೆದು ಮುಖ ಒರೆಸಿಕೊಂಡರು. ಬೆಲೆ ಚೆನ್ನಾಗಿ ಸಿಕ್ಕಿತೋ ಇಲ್ಲವೋ, ಆ ಮುಖ ನೋಡಿ ಹೇಳುವಂತಿರಲಿಲ್ಲ.

ತಮ್ಮ ಅವರನ್ನೇ ನೋಡುತ್ತಿದ್ದ. “ಈ ಮುಖ ತೆಗೀಬೇಕಣ್ಣಾ. ಇದೇ ಬೆಳಕಲ್ಲಿ. ಮೇಲಿನ ಶೀಟಿನಿಂದ ಹೆಂಗೆ ಬೀಳ್ತಿದೆ ನೋಡು” ಅಂದ.

ನನಗೆ ಬೆಳಕು ಕಾಣಲಿಲ್ಲ, ಅಪ್ಪ ಕಂಡರು. ತೆಂಗಿನಕಾಯಿ ಮಂಡಿಯಲ್ಲಿ ಅವರು ಕೂರುವುದೂ ಹೀಗೆಯೇ.

ಬಂಡೆಯ ಮೇಲೆ

ಮೂರು ಗಂಟೆಗೆ ರಾಮದೇವರ ಬೆಟ್ಟ. ಗೆಳೆಯನ ಬೈಕು ಕೇಳಿ ತಂದಿದ್ದ.

ಚಿತ್ರರಸಿಕರಿಗೆ ಮೊದಲೇ ಹೇಳಿಬಿಡುತ್ತೇನೆ: ರಾಮಗಢ ಹುಡುಕಬೇಡಿ. ಇಲ್ಲ! ಕಲಾ ನಿರ್ದೇಶಕ ರಾಮ್ ಯಡೇಕರ್ ಬಂಡೆಗಳ ನಡುವೆ ಒಂದು ಇಡೀ ಹಳ್ಳಿಯನ್ನೇ ಕಟ್ಟಿದ್ದರು. ಚಿತ್ರೀಕರಣ ಶುರುವಾದದ್ದು 1973ರ ಅಕ್ಟೋಬರಿನಲ್ಲಿ, ಚಿತ್ರ ತೆರೆ ಕಂಡದ್ದು 1975ರ ಆಗಸ್ಟ್ 15ರಂದು. ಹೆದ್ದಾರಿಯಿಂದ ಸೆಟ್ಟಿಗೆ ರಸ್ತೆಯನ್ನೂ ಅವರೇ ಹಾಕಿಸಿಕೊಂಡರು. ಎಷ್ಟೋ ವರ್ಷ ಆ ಭಾಗಕ್ಕೆ ‘ಸಿಪ್ಪಿ ನಗರ’ ಎಂದೇ ಹೆಸರಿತ್ತು. ಈಗ ಠಾಕೂರನ ಮನೆಯೂ ಇಲ್ಲ, ವೀರು ಹತ್ತಿ ಕೂಗಾಡಿದ ನೀರಿನ ಟ್ಯಾಂಕೂ ಇಲ್ಲ. ರೈಲಿನ ದೃಶ್ಯವಂತೂ ಇಲ್ಲಿಯದೇ ಅಲ್ಲ, ಅದನ್ನು ತೆಗೆದದ್ದು ಮುಂಬೈ-ಪುಣೆ ಮಾರ್ಗದಲ್ಲಿ, ಪನ್ವೇಲ್ ಹತ್ತಿರ. ಉಳಿದಿರುವುದು ಬಂಡೆ ಮಾತ್ರ. ಆದರೆ ಎಂಥ ಬಂಡೆ! ಒಂದರ ತಲೆಯ ಮೇಲೆ ಒಂದು, ಯಾರೋ ಇಟ್ಟು ಮರೆತುಹೋದ ಹಾಗೆ. ಒಂದು ತಿರುವಿನಲ್ಲಿ ತಲೆಯೆತ್ತಿದರೆ ಸಾಕು, ಆರ್.ಡಿ. ಬರ್ಮನ್ ಸಂಗೀತ ತಾನಾಗಿಯೇ ಕಿವಿಯಲ್ಲಿ ಶುರುವಾಗುತ್ತದೆ.

ಬೆಟ್ಟದ ಬುಡದಲ್ಲಿ ಚಹಾ ಮಾರುವ ಹಿರಿಯರೊಬ್ಬರು ಸಿಕ್ಕಿದರು. ಶೂಟಿಂಗ್ ನಡೆದಾಗ ಹನ್ನೊಂದು ವರ್ಷವಂತೆ. ಶಾಲೆಗೆ ಚಕ್ಕರ್ ಹೊಡೆದು ಬಂದು ಬಂಡೆ ಹಿಂದೆ ಕೂರುತ್ತಿದ್ದರಂತೆ. “ಕುದುರೆ ನೋಡೋಕೆ ಬರ್ತಿದ್ವಿ ಸಾರ್. ಹೀರೋ ಯಾರು ಅಂತ ಯಾರಿಗೆ ಗೊತ್ತಿತ್ತು! ಆ ಉದ್ದನೆ ಮನುಷ್ಯ ಅಮಿತಾಬ್ ಅಂತ ಪಿಚ್ಚರ್ ಬಂದ್ಮೇಲೇ ತಿಳಿದಿದ್ದು.” ನಿಜವೋ ಕಥೆಯೋ, ಚಹಾ ಚೆನ್ನಾಗಿತ್ತು.

ಈಗ ಈ ಬೆಟ್ಟದ ನಾಯಕನಟರು ಬೇರೆ. 2012ರಲ್ಲಿ ಸರ್ಕಾರ ಇಲ್ಲಿನ 346 ಹೆಕ್ಟೇರ್ ಜಾಗವನ್ನು ರಣಹದ್ದು ಧಾಮ ಮಾಡಿತು. ದೇಶದಲ್ಲೇ ಮೊದಲನೆಯದು. ಉದ್ದ ಕೊಕ್ಕಿನ ರಣಹದ್ದುಗಳು ಈ ಕಡಿದಾದ ಬಂಡೆಯ ಬಿರುಕಿನಲ್ಲಿ ಗೂಡು ಕಟ್ಟುತ್ತವೆ. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಔಷಧಿ, ಸತ್ತ ದನದ ಮಾಂಸದ ಮೂಲಕ ಹೊಟ್ಟೆಗೆ ಸೇರಿ, ದೇಶದ ಉದ್ದಗಲಕ್ಕೂ ರಣಹದ್ದುಗಳು ಸತ್ತವು. ಇಲ್ಲಿ ಉಳಿದಿರುವುದೂ ಕೈಬೆರಳೆಣಿಕೆಯಷ್ಟು. ನಮಗೆ ಒಂದೂ ಕಾಣಲಿಲ್ಲ. ಆದ್ದರಿಂದ ಗೆಳೆಯರೇ, ಬಂಡೆ ಮೇಲೆ ನಿಂತು ಗಬ್ಬರನ ಡೈಲಾಗು ಕೂಗುವ ಚಪಲ ಬೇಡ. ಮೆಟ್ಟಿಲು ಹತ್ತಿ, ಪಟ್ಟಾಭಿರಾಮನಿಗೆ ಕೈ ಮುಗಿದು, ಸಂಜೆಗೆ ಮುಂಚೆ ಇಳಿಯಿರಿ.

ನಾವು ಮೇಲೆ ಕೂತೆವು. ಕೆಳಗೆ ಊರು, ಕಾಲೇಜುಗಳು, ಆಚೆ ಎಕ್ಸ್‌ಪ್ರೆಸ್ ರಸ್ತೆ. ತಮ್ಮ ಶುರು ಮಾಡಿದ.

“ಶೋಲೆಯಲ್ಲಿ ಜಯಾ ಬಾಧುರಿ ದೀಪ ಹಚ್ಚೋ ಸೀನ್ ಇದೆಯಲ್ಲ, ಅಮಿತಾಬ್ ಮೌತ್ ಆರ್ಗನ್ ನುಡಿಸ್ತಾ ಕೂತಿರ್ತಾನೆ... ಅದನ್ನ ತೆಗೆಯೋಕೆ ಇಪ್ಪತ್ತು ದಿನ ಹಿಡೀತಂತೆ ಅಣ್ಣಾ. ದ್ವಾರಕಾ ದಿವೇಚಾ ಕ್ಯಾಮರಾಮನ್. ಸೂರ್ಯ ಮುಳುಗಿ ಕತ್ತಲಾಗೋ ಮುಂಚಿನ ಆ ಬೆಳಕು ದಿನಕ್ಕೆ ಸಿಗೋದೇ ಕೆಲವು ನಿಮಿಷ. ದಿನಾ ಕಾಯೋದು.”

“ಅವರಿಗೆ ಕಾಯೋಕೆ ದುಡ್ಡು ಕೊಡೋ ಜಿ.ಪಿ. ಸಿಪ್ಪಿ ಇದ್ರು ಕಣೋ. ನಿನಗೆ ಯಾರಿದಾರೆ?”

ಅವನು ನನ್ನ ಮುಖ ನೋಡಿದ. “ನೀನು.”

ಏನು ಹೇಳಲಿ? ಕೋಪ ಬಂತು. ತೋಟ, ಬ್ಯಾಂಕು, ಅಪ್ಪನ ಮಂಡಿನೋವು ಎಲ್ಲ ಹೇಳಿದೆ. ಅವನು ಸುಮ್ಮನೆ ಕೇಳಿದ. ಎರಡು ತಿಂಗಳಿಂದ ಭಾನುವಾರಗಳಲ್ಲಿ ಒಂದು ಚಿತ್ರದ ಹೊರಾಂಗಣದಲ್ಲಿ ಲೈಟ್ ಹೊರುವ ಹುಡುಗರ ಜೊತೆ ಹೋಗುತ್ತಿದ್ದಾನೆ. ನಾಲ್ಕು ವಿಷಯ ಬಾಕಿ ಉಳಿಸಿಕೊಂಡಿದ್ದಾನೆ. ಆಮೇಲೆ ಮೆಲ್ಲಗೆ ಅಂದ:

“ನಿನ್ನ ಟ್ರಂಕಲ್ಲಿ ಒಂದು ಫೋಟೋ ನೋಡಿದೀನಿ ಅಣ್ಣಾ. ಕ್ಲಾಪ್ ಬೋರ್ಡ್ ಹಿಡ್ಕೊಂಡು ನಿಂತಿದ್ದೆ. ಅದಕ್ಕೇ ನಿನಗೆ ಮೊದಲು ಹೇಳಿದ್ದು.”

ಓದುಗ ಮಿತ್ರರೇ, ಈ ಮಾತನ್ನು ನಾನು ಯಾರಿಗೂ ಹೇಳಿರಲಿಲ್ಲ. ಹದಿಮೂರು ವರ್ಷಗಳ ಹಿಂದೆ, ಕಂಪ್ಯೂಟರ್ ಕೋರ್ಸಿಗೆ ಎಂದು ಅಪ್ಪ ಕೊಟ್ಟ ಹಣ ಜೇಬಿನಲ್ಲಿಟ್ಟುಕೊಂಡು ಎಂಟು ತಿಂಗಳು ಗಾಂಧಿನಗರದಲ್ಲಿ ಅಲೆದಿದ್ದೆ. ಒಂದು ಚಿತ್ರಕ್ಕೆ ಕ್ಲಾಪ್ ಹೊಡೆದೆ. ಚಿತ್ರ ಬಿಡುಗಡೆಯಾಗಲಿಲ್ಲ. ಸಂಬಳ ಅಂದರೆ ಊಟ, ಅದೂ ಶೂಟಿಂಗ್ ಇದ್ದ ದಿನ. ಕೊನೆಯ ತಿಂಗಳು ಮೆಜೆಸ್ಟಿಕ್ ಬಸ್ ಸ್ಟಾಂಡಿನಲ್ಲಿ ಬಾಳೆಹಣ್ಣು ತಿಂದು ಮಲಗಿದ ರಾತ್ರಿಗಳೂ ಉಂಟು. ಆಮೇಲೆ ಲೆಕ್ಕ ಬರೆಯುವ ಕೆಲಸ ಹಿಡಿದೆ. ಅಪ್ಪ ಇಂದಿಗೂ ನಾನು ಕಂಪ್ಯೂಟರ್ ಕಲಿತದ್ದರಿಂದಲೇ ಕೆಲಸ ಸಿಕ್ಕಿತು ಎಂದು ತಿಳಿದಿದ್ದಾರೆ.

ಎಲ್ಲ ಹೇಳಿದೆ. ಮಲಗಿದ ಜಾಗದ ಸಮೇತ.

“ಬಿಟ್ಟಿದ್ದಕ್ಕೆ ಬೇಜಾರಿದೆಯಾ?” ಎಂದು ಕೇಳಿದ.

“ಬಿಟ್ಟಿದ್ದಕ್ಕಲ್ಲ. ಏನೂ ಕಲೀದೆ ಹೋಗಿದ್ದೆನಲ್ಲ, ಅದಕ್ಕೆ.”

ಕತ್ತಲಾಗುವ ಮುಂಚೆ ಇಳಿದೆವು. ಆ ರಾತ್ರಿ ಲಾಡ್ಜಿನ ಒಂದೇ ಮಂಚದಲ್ಲಿ ಮಲಗಿದೆವು. ಚಿಕ್ಕಂದಿನಂತೆ ಅವನು ನಿದ್ದೆಯಲ್ಲಿ ಒದೆಯುವುದನ್ನು ಬಿಟ್ಟಿಲ್ಲ.

ಸಾವನದುರ್ಗದ ದಾರಿ

ಭಾನುವಾರ ಬೆಳಗ್ಗೆ ಆರಕ್ಕೆ ಬೈಕು ಹತ್ತಿ ಮಾಗಡಿ ಕಡೆ ಹೊರಟೆವು. ದಾರಿಯಲ್ಲಿ ಮಂಚನಬೆಲೆ ಜಲಾಶಯ, ಅದೇ ಅರ್ಕಾವತಿಗೆ ಕಟ್ಟಿದ್ದು. ಮಂಜು ಕವಿದ ನೀರು, ಸುತ್ತ ಗುಡ್ಡ, ಕರೆದು ಕೂರಿಸಿಕೊಳ್ಳುವಂಥ ಜಾಗ. ಆದರೆ ನೀರಿಗೆ ಇಳಿಯಬೇಡಿ! ಇಲ್ಲಿ, ಹಾಗೆಯೇ ಮೇಕೆದಾಟಿನಲ್ಲಿ, ಈಜಲು ಹೋಗಿ ಮುಳುಗಿದ ಕಾಲೇಜು ಹುಡುಗರು ಒಬ್ಬಿಬ್ಬರಲ್ಲ. ಇದನ್ನು ನಗೆಯಾಗಿ ಬರೆಯುತ್ತಿಲ್ಲ.

ಸಾವನದುರ್ಗ ಸಮುದ್ರ ಮಟ್ಟದಿಂದ 1226 ಮೀಟರ್. ಕರಿಗುಡ್ಡ, ಬಿಳಿಗುಡ್ಡ ಎಂದು ಎರಡು. ಬುಡದಲ್ಲಿ ವೀರಭದ್ರ, ನರಸಿಂಹ. ಕೆಂಪೇಗೌಡರ ವಂಶದ ಕೋಟೆ. 1791ರ ಡಿಸೆಂಬರಿನಲ್ಲಿ ಟಿಪ್ಪುವಿನ ಸೈನಿಕರ ಕೈಯಿಂದ ಕಾರ್ನ್‌ವಾಲಿಸ್‌ನ ಸೇನೆ ಅದನ್ನು ಕಿತ್ತುಕೊಂಡಿತು. ಆದರೆ ನಮ್ಮಂಥವರಿಗೆ ಮುಖ್ಯವಾದ ವಿಷಯ ಬೇರೆ. ಡೇವಿಡ್ ಲೀನ್ 1984ರ ತಮ್ಮ ‘ಎ ಪ್ಯಾಸೇಜ್ ಟು ಇಂಡಿಯಾ’ ಚಿತ್ರಕ್ಕೆ ಮರಬಾರ್ ಗುಹೆಗಳನ್ನು ಹುಡುಕಿಕೊಂಡು ಬಂದದ್ದು ಇಲ್ಲಿಗೆ! ಕಾದಂಬರಿಯ ಗುಹೆಗಳಿಗೆ ಮೂಲ ಬಿಹಾರದ ಬರಾಬರ್ ಬೆಟ್ಟ. ಅದು ಲೀನ್ ಸಾಹೇಬರ ಕಣ್ಣಿಗೆ ಸಪ್ಪೆಯಾಗಿ ಕಂಡಿತು. ಸಾವನದುರ್ಗ ಮತ್ತು ರಾಮದೇವರ ಬೆಟ್ಟ ಹಿಡಿಸಿದವು. ಆ ಚಿತ್ರಕ್ಕೆ ಎರಡು ಆಸ್ಕರ್ ಬಂದವು. ಅದೇ ಅವರ ಕೊನೆಯ ಚಿತ್ರವಾಯಿತು. ನಮ್ಮ ‘ನಾಗರಹಾವು’ ಚಿತ್ರದುರ್ಗದ ಕೋಟೆಯನ್ನು ಕನ್ನಡಿಗರ ಕಣ್ಣಲ್ಲಿ ಶಾಶ್ವತವಾಗಿ ನಿಲ್ಲಿಸಿತಲ್ಲ, ಹಾಗೆ ಸಾವನದುರ್ಗವನ್ನು ನಿಲ್ಲಿಸುವ ಒಂದು ಕನ್ನಡ ಚಿತ್ರ ಬರಬೇಕು ಎಂಬುದು ನನ್ನ ಬಹಳ ದಿನದ ಆಸೆ.

ಅರ್ಧ ಬೆಟ್ಟ ಹತ್ತಿ ಉಸ್ಸೆಂದು ಕೂತೆ. (ನೀವು ಹೋಗುವುದಾದರೆ ಚಾರಣದ ಅನುಮತಿ, ಶುಲ್ಕದ ವಿಷಯ ಅರಣ್ಯ ಇಲಾಖೆಯಲ್ಲಿ ಮೊದಲೇ ವಿಚಾರಿಸಿಕೊಳ್ಳಿ. ಮಳೆ ಬಂದ ದಿನ ಬಂಡೆ ಹತ್ತಬೇಡಿ.) ತಮ್ಮ ಇನ್ನೂ ಮೇಲೆ ಓಡಿ ಫೋಟೋ ತೆಗೆದುಕೊಂಡು ಬಂದ. ಮೊಬೈಲಿನಲ್ಲಿ ತೋರಿಸಿದ. ನಾನು ಲೆಕ್ಕ ಬರೆಯುವವನು, ನನ್ನ ಮಾತಿಗೆ ಬೆಲೆಯಿಲ್ಲ. ಆದರೂ ಹೇಳುತ್ತೇನೆ: ಚೆನ್ನಾಗಿದ್ದವು. ಅದರಲ್ಲೊಂದು ನನ್ನದೇ ಬೆನ್ನು. ಬಂಡೆಯ ಮೇಲೆ ಕೂತ ಸಣ್ಣ ಮನುಷ್ಯ. ನೋಡಿ ಹೊಟ್ಟೆಯಲ್ಲಿ ಏನೋ ಆಯಿತು.

ಅಲ್ಲಿ ಅವನಿಗೆ ವಿ.ಕೆ. ಮೂರ್ತಿಯವರ ಕಥೆ ಹೇಳಿದೆ. ಮೈಸೂರಿನ ಹುಡುಗ. ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಛಾಯಾಗ್ರಹಣದ ಡಿಪ್ಲೊಮಾ ಮುಗಿಸಿ, ಆಮೇಲೆ ಮುಂಬೈಯಲ್ಲಿ ಗುರುದತ್ ಕಣ್ಣಿಗೆ ಬಿದ್ದರು. 1959ರ ‘ಕಾಗಜ್ ಕೆ ಫೂಲ್’ ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ, ಕ್ಯಾಮರಾ ಅವರದೇ. 2008ರ ಸಾಲಿನ ದಾದಾ ಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಬಂತು, ಛಾಯಾಗ್ರಾಹಕರೊಬ್ಬರಿಗೆ ಅದೇ ಮೊದಲು. “ಲೈಟ್ ಹೊತ್ತು ಕಲಿಯೋದು ಬೇರೆ, ಕಲಿತು ಲೈಟ್ ಇಡೋದು ಬೇರೆ. ಹೆಸರಘಟ್ಟದಲ್ಲಿ ಸರ್ಕಾರಿ ಫಿಲ್ಮ್ ಇನ್‌ಸ್ಟಿಟ್ಯೂಟ್ ಇದೆ. ಈ ಎಂಜಿನಿಯರಿಂಗ್ ಮುಗಿಸು, ಅಲ್ಲಿಗೆ ಅರ್ಜಿ ಹಾಕು. ಅಪ್ಪನ ಹತ್ರ ನಾನೂ ನಿಂತ್ಕೋತೀನಿ” ಅಂದೆ.

“ಅಷ್ಟು ವರ್ಷ ಹೋಗಿಬಿಡುತ್ತಲ್ಲ ಅಣ್ಣಾ?”

“ಉಳಿದಿರೋದು ಮೂರು ಸೆಮಿಸ್ಟರು ಕಣೋ.”

ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಮಾಗಡಿ ಊರು ನೋಡುವ ಪ್ಲಾನು ಬಿಟ್ಟು ಹಿಂತಿರುಗಿದೆವು.

ಚನ್ನಪಟ್ಟಣಕ್ಕೆ ಬಂದಾಗ ನಾಲ್ಕು ಗಂಟೆ. ನನ್ನ ಮಗಳಿಗೆ ಬೊಂಬೆ ಬೇಕಿತ್ತು. ಆಲೆ ಮರದ ತುಂಡು ಚರಕಿಯ ಮೇಲೆ ಗಿರಗಿರ ತಿರುಗುತ್ತದೆ, ಕುಶಲಕರ್ಮಿ ಅರಗಿನ ಕಡ್ಡಿ ಒತ್ತುತ್ತಾನೆ, ಆ ಬಿಸಿಗೇ ಬಣ್ಣ ಕರಗಿ ಹತ್ತುತ್ತದೆ. ಆಮೇಲೆ ತಾಳೆಗರಿಯಲ್ಲಿ ಉಜ್ಜಿದರೆ ಹೊಳಪು. ಹೊಸ ರಸ್ತೆ ಊರು ಬಿಟ್ಟು ಹೋದ ಮೇಲೆ ಹಳೇ ಹೆದ್ದಾರಿಯ ಬೊಂಬೆ ಅಂಗಡಿಗಳಿಗೆ ಗಿರಾಕಿ ಕಡಿಮೆ. ಆದ್ದರಿಂದ ಬಂದವರು ಒಂದು ಬುಗುರಿಯಾದರೂ ಕೊಳ್ಳಿ, ಚೌಕಾಸಿ ಬೇಡ. ನಾನು ಬುಗುರಿ ಮತ್ತು ಎಳೆಯುವ ಆನೆ ಕೊಂಡೆ. ಮದ್ದೂರಿಗೆ ಹೋಗಲು ಹೊತ್ತಿರಲಿಲ್ಲ, ವಡೆ ರೈಲ್ವೆ ಸ್ಟೇಷನ್ನಿನಲ್ಲೇ ಸಿಕ್ಕಿತು.

ರೈಲು ಬರುವ ಮುಂಚೆ ತಮ್ಮನಿಗೆ ಹೇಳಿದೆ, “ಅಪ್ಪನಿಗೆ ನಾನು ಹೇಳೋದಿಲ್ಲ. ನಿನ್ನದು ನೀನೇ ಹೇಳು. ನನ್ನ ಕ್ಲಾಪ್ ಬೋರ್ಡಿನ ಕಥೆ ನಾನು ಹೇಳ್ತೀನಿ.” ತಲೆ ತಗ್ಗಿಸಿ ನಕ್ಕ.

ಮಂಗಳವಾರ ಬೆಳಗ್ಗೆ ಅಪ್ಪನ ಫೋನು. ಎದೆ ಡವಡವ. ನಾನು ಕ್ಲಾಪ್ ಬೋರ್ಡಿನ ಕಥೆ ಹೇಳಲು ಬಾಯಿ ತೆರೆದೆ. “ಗೊತ್ತು ಬಿಡು” ಅಂದರು. ಎಂದಿನಿಂದ ಗೊತ್ತೋ ಕೇಳುವ ಧೈರ್ಯ ಬರಲಿಲ್ಲ. ಸಣ್ಣವನು ಸೋಮವಾರ ರಾತ್ರಿ ಒಂದು ಗಂಟೆ ಮಾತಾಡಿದನಂತೆ. ಬಾಕಿ ಇರುವ ನಾಲ್ಕೂ ಪರೀಕ್ಷೆ ಬರೆಯುತ್ತೇನೆ ಅಂದನಂತೆ. ಮೂರು ಸೆಮಿಸ್ಟರ್ ಫೀಸು ತಾನು ಕಟ್ಟುತ್ತೇನೆ, ಆಮೇಲಿನದು ನೀವಿಬ್ಬರೂ ನೋಡಿಕೊಳ್ಳಿ ಎಂದು ಅಪ್ಪ ಹೇಳಿದರು. ಫೋನ್ ಇಡುವ ಮುಂಚೆ ಒಂದು ಪ್ರಶ್ನೆ.

“ಅದೇನೋ ಹೆಸರಘಟ್ಟ ಅಂದ್ನಲ್ಲ... ನಮ್ಮ ಕಡೆಯಿಂದ ಬಂದ್ರೆ ಬಸ್ಸು ಎಲ್ಲಿ ಹತ್ಬೇಕು?”